ಟೀಚರ್ ನಡೆಯಬೇಕು

ಗೋಣಿಬೀಡಿನ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದ ಯೋಗೇಶನ ಪಕ್ಕದ ಬೆಂಚಿಗೆ, ನಿವೃತ್ತ ಟೀಚರ್ ತ್ರಿಪುರಸುಂದರಿ ಡಾಕ್ಟರ ಕೋಣೆಯಿಂದ ಬಂದು ಕುಳಿತರು. ಅಲ್ಲಿದ್ದ ಹಳೆಯ ವಿದ್ಯಾರ್ಥಿನಿ ರೇವತಿ ಅವರತ್ತ ತಿರುಗಿದಳು.

“ಶುಗರ್ ಇಳೀತಾ, ಟೀಚರ್?”

“ಇಲ್ಲ. ಮುಂದಿನ ತಿಂಗಳೂ ಹೀಗೇ ಇದ್ರೆ ದಿನಾ ಇಂಜೆಕ್ಷನ್ ಅಂತೆ. ಸೂಜಿ ಅಂದ್ರೆ ನಂಗೆ ಜೀವ ಹೋಗತ್ತೆ.”

“ಪಥ್ಯ ಮಾಡ್ಲಿಲ್ವಾ?”

“ರಾತ್ರಿ ಊಟ ಬಿಟ್ಟೆ. ಅನ್ನ ಬಿಟ್ಟು ರಾಗಿ, ಮೊಳಕೆಕಾಳು ಹಿಡಿದೆ. ನಡಿಯೋದೇ ಆಗ್ತಿಲ್ಲ.”

“ಮಂಡಿ ನೋವಾ?”

“ಜೀಪು, ಮಾರಾಯ್ತಿ. ರಸ್ತೆಗೆ ಇಳಿದ್ರೆ ಸಾಕು, ಯಾರಾದ್ರೂ ನಿಲ್ಲಿಸಿ ಹತ್ತಿ ಅಂತಾರೆ. ಎಲ್ಲಾ ನಾನು ಪಾಠ ಹೇಳಿದ ಮಕ್ಕಳೇ. ಬೇಡ ಅಂದ್ರೆ ಬೇಜಾರು.”

“ಎಲ್ಲಿಗೂ ಹೋಗ್ತಿಲ್ಲ ಅನ್ನಿ.”

“ಅಂದೆ. ಹಾಗಾದ್ರೆ ಮನೆಗೇ ಬಿಡ್ತೀನಿ ಅಂದ್ರು.”

“ಡಾಕ್ಟ್ರು ಹೇಳಿದಾರೆ ಅನ್ನಿ.”

“ಅದನ್ನೂ ಅಂದೆ. ಹುಷಾರಿಲ್ಲದವ್ರು ನಡೀಬಾರ್ದು ಅಂತ ಮುಂದಿನ ಸೀಟಲ್ಲೇ ಕೂರಿಸ್ಕೊಂಡ್ರು.”

“ನೀವು ಗಟ್ಟಿ ಆಗ್ಬೇಕು, ಟೀಚರ್. ಯಾರು ಕರೆದ್ರೂ ಹತ್ತಬೇಡಿ.”

“ಹತ್ತಲ್ಲ. ಈಗ ಮನೆವರೆಗೂ ನಡ್ಕೊಂಡೇ ಹೋಗ್ತೀನಿ.”

ಇಬ್ಬರೂ ಎದ್ದು ಹೊರಗೆ ಹೋದರು. ಸ್ಕೂಟಿ ಚಾಲೂ ಆದ ಸದ್ದು ಯೋಗೇಶನಿಗೆ ಕೇಳಿಸಿತು, ಹಿಂದೆಯೇ ರೇವತಿಯ ದನಿ.

“ನಾನಿದ್ದೂ ನೀವು ನಡ್ಕೊಂಡು ಹೋದ್ರೆ ನೋಡ್ದೋರು ನಂಗೇನಂತಾರೆ? ನಾಳೆಯಿಂದ ನಡೀರಿ. ಕೂತ್ಕೊಳಿ.”

ಆಮೇಲೆ ಸ್ಕೂಟಿ ಇಬ್ಬರ ಭಾರಕ್ಕೆ ಮುಲುಗುತ್ತ ದಿಬ್ಬ ಏರಿತು.