ಎರಡು ಗಂಟಲಿನ ಬಾಗಿಲು

...ಅಲ್ಲಲ್ಲ, ಆ ಕುರ್ಚಿ ಬೇಡಮ್ಮ, ಈ ಕಡೆಯದಕ್ಕೆ ಬಾ. ಅದು ಅವಳದು. ಅವಳದು ಅಂದ್ರೆ, ಆಟ ಪರೀಕ್ಷೆ ಮಾಡೋವಾಗ ನಮ್ಮ ಮನೆಯವಳು ಕೂರೋ ಜಾಗ. ಹಾಂ, ಇಲ್ಲಿ. ಚಹಾ ಆರೋ ಮುಂಚೆ ಕುಡಿ. ಯಾಕೆ ಮುಖ ಹಾಗಾಯ್ತು? ಸಕ್ಕರೆ ಜಾಸ್ತಿಯಾ? ಇರಬೇಕು. ಸಕ್ಕರೆ ಅವಳ ಇಲಾಖೆ, ನನ್ನದು ನೀರು ಕಾಯಿಸೋದು.

ಏನು ಹೇಳ್ತಿದ್ದೆ? ಹಾಂ, ನಿನ್ನ ಆಟ. ನೋಡು, ನೀನು ಮಗಳ ವಯಸ್ಸಿನವಳು, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೂತು ಒಬ್ಬಳೇ ಒಂದು ಕಂಪ್ಯೂಟರ್ ಆಟ ಕಟ್ಟಿದೀಯಾ, ಅದು ದೊಡ್ಡ ಮಾತು. ಆದ್ರೆ ಅದಕ್ಕೆ ಅಂತ ರಿಯಾಯ್ತಿ ಕೊಡೋನಲ್ಲ ನಾನು. ಕೆಲಸದಲ್ಲಿ ಇರೋವರೆಗೂ ಲಿಫ್ಟ್ ತಪಾಸಣೆ ಮಾಡಿದವನು. ಬಾಗಿಲು ತೆರೀಬೇಕಾದಾಗ ತೆರೀಬೇಕು, ಮುಚ್ಚಬೇಕಾದಾಗ ಮುಚ್ಚಬೇಕು. ಅಡ್ಡಗೋಡೆ ಮೇಲೆ ದೀಪ ಇಡೋ ಮಾತು ನನ್ನ ಹತ್ತಿರ ಇಲ್ಲ. ಅದಕ್ಕೇ ತಾನೆ, ಆಟ ಮಾಡೋರೆಲ್ಲಾ ಬಿಡುಗಡೆಗೆ ಮುಂಚೆ ನಮ್ಮ ಬಾಗಿಲಿಗೆ ಬರೋದು? ಇಷ್ಟು ವಯಸ್ಸಾದ ಗಂಡ ಹೆಂಡತಿ ಜೊತೆಗೆ ಕೂತು ಆಡೋದು ಎಲ್ಲಿ ಸಿಗತ್ತೆ, ಹೇಳು?

ಅವಳಾ? ಅವಳು ತಂಗಿ ಮನೆಗೆ ಹೋಗಿದಾಳೆ. ತಂಗಿಗೆ ಕಾಲು ಆಪರೇಷನ್ನು. ಬರ್ತಾಳೆ. ಹೋಗೋ ಮುಂಚೆ ಆಟ ಮುಗಿಸಿಯೇ ಹೋದಳು. ಹಾಗಾಗಿ ನಾನೀಗ ಹೇಳೋದು ಇಬ್ಬರ ಮಾತು ಅಂತಲೇ ತಿಳ್ಕೊ.

ಮೊದಲು ಗುಣ. ಮುರಿದು ಬಿದ್ದ ಬಾಹ್ಯಾಕಾಶ ಹಡಗು. ಒಬ್ಬರು ಅದರ ಹೊಟ್ಟೆಯೊಳಗೆ. ಕೈಕಾಲು ಆಡತ್ತೆ, ಕತ್ತಲು, ಕಣ್ಣು ಕಾಣಲ್ಲ. ಇನ್ನೊಬ್ಬರು ಮೇಲಿನ ಕೋಣೆಯಲ್ಲಿ. ನಕ್ಷೆಯೆಲ್ಲಾ ಕಾಣತ್ತೆ, ಕೂತಲ್ಲಿಂದ ಅಲ್ಲಾಡೋ ಹಾಗಿಲ್ಲ. ನಡುವೆ ಬರೀ ಧ್ವನಿ, ಹೆಡ್‌ಫೋನು, ಮೈಕು. ಕುರುಡನ ಹೆಗಲ ಮೇಲೆ ಕುಂಟ! ಅಜ್ಜಿಯರ ಕಾಲದ ಕಥೆ, ಅದನ್ನ ತಗೊಂಡು ಹೋಗಿ ನಕ್ಷತ್ರಗಳ ಮಧ್ಯೆ ಕೂರಿಸಿದೀಯಾ. ಭೇಷ್. ಅವಳು ಕತ್ತಲು, ನಾನು ನಕ್ಷೆ. ಚೀಟಿ ಎತ್ತಿ ಆರಿಸಿಕೊಂಡಿದ್ದಲ್ಲ. ನಮ್ಮಲ್ಲಿ ಯಾವತ್ತೂ ಹಾಗೇ.

ಆಮೇಲೆ ಸದ್ದು. ಹಡಗಿನ ಲೋಹ ತಣ್ಣಗಾಗ್ತಾ ಟಕ್... ಟಕ್... ಅನ್ನತ್ತಲ್ಲ, ಅದನ್ನ ಎಲ್ಲಿಂದ ತಂದೆ? ಜನ ಮನೆಗೆ ಹೋದ ಮೇಲೆ ಖಾಲಿ ಲಿಫ್ಟು ಹಾಗೇ ಸದ್ದು ಮಾಡತ್ತೆ. ಕೇಳಿದವನಿಗೇ ಗೊತ್ತು. ಮೊದಲ ಕೋಣೆಯಲ್ಲಿ ಅವಳು ಮೈಕಿನಲ್ಲಿ ಪಿಸುಗುಟ್ಟಿದಳು, "ರೀ, ಇಲ್ಲಿ ಯಾರೋ ಉಸಿರಾಡ್ತಿದಾರೆ." "ಅದು ನೀನೇ ಕಣೇ, ಮೈಕು ಮೂಗಿನಿಂದ ದೂರ ಇಡು" ಅಂದೆ. ಎಷ್ಟು ನಕ್ಕಳು! ನಗೋವಾಗ ಅವಳು ಹೆಡ್‌ಫೋನನ್ನ ಎರಡು ಕೈಯಲ್ಲಿ ಹಿಡ್ಕೊಂಡು ನಗ್ತಾಳೆ, ಜಾರಿ ಬೀಳತ್ತೆ ಅಂತ. ಅವಳ ತಲೆ ಚಿಕ್ಕದು.

ಮತ್ತೆ ಆ ಒಣಗಿದ ಗಿಡಗಳ ಕೋಣೆ. ಎಂಥ ಒಗಟಮ್ಮ ಅದು! ಯಾವ ದೀಪ ಮೊದಲು ಹಚ್ಚಬೇಕು ಅಂತ ಎಲ್ಲೂ ಬರೆದಿಲ್ಲ. ನಾನು ನಕ್ಷೆ ಮುಂದಿಟ್ಟುಕೊಂಡು ತಂತಿಗಳ ಲೆಕ್ಕ ಹಾಕ್ತಾನೇ ಇದ್ದೆ. ಅವಳು ಕತ್ತಲಲ್ಲಿ ಕಾಂಡ ತಡವಿ ತಡವಿ ಹೇಳಿದಳು, "ಎಲ್ಲಾ ಗಿಡ ಒಂದೇ ಕಡೆ ಬಾಗಿವೆ ರೀ. ಬೆಳಕು ಇದ್ದಿದ್ದು ಆ ಕಡೆಯೇ." ನಾನು ಕೇಳಿಸ್ಕೊಳ್ಳಲಿಲ್ಲ. ಕೇಳಿಸ್ತು, ಆದ್ರೆ... ಲೆಕ್ಕದ ಮಧ್ಯೆ ಇದ್ದೆ. ನನ್ನ ಲೆಕ್ಕದ ಪ್ರಕಾರ ಹಚ್ಚಿಸಿದೆ, ಫ್ಯೂಸ್ ಹೋಯ್ತು. ಮತ್ತೆ ಹಚ್ಚಿಸಿದೆ, ಮತ್ತೆ ಹೋಯ್ತು. ಕೊನೆಗೆ ಅವಳು ಮಾತಾಡದೆ ತನ್ನ ಪಾಡಿಗೆ ತಾನು ಹಚ್ಚಿದಳು. ಎಲ್ಲಾ ಝಗ್ ಅಂತು. ಪರದೆ ತುಂಬಾ ಹಸಿರು. ಅದು ನ್ಯಾಯವಾದ ಒಗಟು. ಉತ್ತರ ಕಣ್ಣಮುಂದೇ ಇರತ್ತೆ, ಅಲ್ಲ, ಕೈಯಲ್ಲೇ ಇರತ್ತೆ, ಮೂರ್ಖನಿಗೆ ಮಾತ್ರ ಕಾಣಲ್ಲ.

ಈಗ ದೋಷ. ಬರ್ಕೊಳ್ಳೋದಿದ್ರೆ ಬರ್ಕೊ. ಬೇಡವಾ? ಸರಿ, ನೆನಪಿಟ್ಕೊ.

ನಕ್ಷೆಯ ಅಕ್ಷರ ಇರುವೆ ಸಾಲಿನ ಹಾಗಿದೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡ್ಕೊಂಡು ಓದಿದೆ. ಆಟದ ನಡುವಿನ ಭಾಗದಲ್ಲಿ ಬರೀ ಓಡಾಟ. ಕೀಲಿ ಇಲ್ಲಿ, ಬೀಗ ಅಲ್ಲಿ, ಮತ್ತೆ ಕೀಲಿಗೆ ಇಲ್ಲಿಗೆ. ಗಾಣದೆತ್ತಿನ ಸಾಹಸಕ್ಕೆ ಅಂತರಿಕ್ಷ ಯಾಕೆ ಬೇಕು?

ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಆ ರೋಬೋ. ಸುಳಿವು ಕೊಡೋ ಡಬ್ಬಿ! ಕತ್ತಲಲ್ಲಿ ಇರೋರು ಪಾಪ ಯೋಚನೆ ಮಾಡ್ತಿರ್ತಾರೆ, ಅದು ಗರಗರ ಅಂತ ಬಂದು, "ಎಡಕ್ಕೆ ನೋಡಿದಿರಾ? ಸನ್ನೆಕೋಲು ಎಳೆದಿರಾ? ಇನ್ನೊಮ್ಮೆ ಪ್ರಯತ್ನಿಸಿ!" ಯಾರು ಕೇಳಿದ್ರು? ಮನುಷ್ಯರಿಗೆ ತಪ್ಪು ಮಾಡೋಕೂ ಬಿಡಲ್ಲ, ಸರಿ ಮಾಡೋಕೂ ಬಿಡಲ್ಲ. ಅವಳು ಅದಕ್ಕೊಂದು ಹೆಸರಿಟ್ಟಿದ್ದಳು, "ಯಜಮಾನ್ರು" ಅಂತ. ಅದು ಬಂದಾಗೆಲ್ಲಾ "ಬಂದ್ರು ನೋಡಿ ಯಜಮಾನ್ರು" ಅನ್ನೋಳು.

ನಗು, ನಗು. ಮೊದಮೊದಲು ನಾನೂ ನಕ್ಕೆ.

ಏನು ತೋರಿಸ್ತಿದೀಯಾ ಪರದೆ ಮೇಲೆ? ಅದನ್ನ ಸುಮ್ಮನಿರಿಸೋ ಗುಂಡಿ ಇದೆ, ಗೊತ್ತು. ಅವಳು ಮೊದಲ ದಿನವೇ ಕಂಡುಹಿಡಿದಳು. ನಾನೇ ಬೇಡ ಅಂದೆ. ಪರೀಕ್ಷೆ ಅಂದ್ರೆ ಎಲ್ಲಾ ಭಾಗದ್ದೂ ಆಗ್ಬೇಕು. ತತ್ವ ಅಂದ್ರೆ ತತ್ವ.

ಇನ್ನು ನೀರಿನ ತೊಟ್ಟಿಯ ಕೋಣೆ. ಚೆನ್ನಾಗಿದೆ, ಆದ್ರೆ ದೇಹಕ್ಕೆ ಕಷ್ಟ. ಮೇಲಿನವರು ಸನ್ನೆಕೋಲು ಒತ್ತಿ ಹಿಡಿದಿರುವಾಗಲೇ ಕೆಳಗಿನವರು ನೀರಿನ ವಾಲ್ವು ತಿರುಗಿಸಬೇಕು. ಎರಡು ಕೈ ಈ ಕಂಟ್ರೋಲರಿಗೆ ಬೇಕು, ಇನ್ನೊಂದನ್ನ ನೆಲಕ್ಕಿಟ್ಟು ಕಾಲಿನ ಹೆಬ್ಬೆರಳಲ್ಲಿ ಒತ್ತಬೇಕು. ಹೆಬ್ಬೆರಳು ಸೆಟೆದುಕೊಂಡು...

ಯಾಕೆ ಹಾಗೆ ನೋಡ್ತೀಯಾ? ಅವಳ ಕೈ ನೋಯ್ತಾ ಇತ್ತು. ಹೊಲಿದು ಹೊಲಿದು ಕೈ ನೋವು ಬರತ್ತೆ ಅವಳಿಗೆ. ಅದಕ್ಕೇ ಸ್ವಲ್ಪ ಹೊತ್ತು ಅವಳದನ್ನೂ ನಾನೇ ಒತ್ತಿದೆ. ಅಷ್ಟೇ. ಗಂಡ ಅಂದ್ಮೇಲೆ ಅಷ್ಟೂ ಮಾಡಬಾರದಾ?

ನೆಲದಲ್ಲಿ ಏನು ಕಾಣ್ತು? ಓ, ಆ ನಾಲ್ಕು ಕುಳಿಗಳಾ. ಅಲ್ಲಿ ಅವಳ ಹೊಲಿಗೆ ಮೆಷಿನ್ ಇತ್ತು. ಇದೆ. ರಿಪೇರಿಗೆ ಹೋಗಿದೆ. ಕತ್ತರಿಯೂ... ಕತ್ತರಿ ಸಾಣೆಗೆ. ದಾರದ ಡಬ್ಬಿ ಯಾಕೆ ಇಲ್ಲ ಅಂದ್ರೆ, ನೀನು ಆಟ ಮಾಡೋಳಾ ಪೊಲೀಸಾ? ಚಹಾ ಕುಡಿ.

ಈಗ ಮುಖ್ಯ ವಿಷಯ. ಕೊನೆಯ ಬಾಗಿಲು.

ಅದು ತೆರೆಯಲ್ಲ.

ತಲೆ ಅಲ್ಲಾಡಿಸಬೇಡ, ಪೂರ್ತಿ ಕೇಳು. ಇಡೀ ಹಡಗು ದಾಟಿ ಬಂದ ಮೇಲೆ ಬಾಗಿಲು ಹೇಳತ್ತೆ, "ಒಳಗಿನವರೂ ಮೇಲಿನವರೂ ಒಟ್ಟಿಗೆ ಕೂಗಿ" ಅಂತ. ಕೂಗಿದೆವು. ಇಬ್ಬರೂ. ಏನೂ ಆಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ. ಬಹುಶಃ ಅವಳ ಧ್ವನಿ ತೆಳುವು, ನಿನ್ನ ಯಂತ್ರಕ್ಕೆ ಹಿಡಿಯಲಿಲ್ಲವೇನೋ. ಪಕ್ಕಾ ದೋಷ. ನಾನು ಎಲ್ಲಾ ಥರ ನೋಡಿದೆ. ಜೋರಾಗಿ ಕೂಗಿ ನೋಡಿದೆ, ಮೆತ್ತಗೆ ಕರೆದು ನೋಡಿದೆ, ಧ್ವನಿ ಸಣ್ಣ ಮಾಡಿ ನೋಡಿದೆ, ಎರಡೂ ಮೈಕನ್ನ ಒಟ್ಟಿಗೆ ಜೋಡಿಸಿ ಬಾಯಿಗೆ ಹಿಡ್ಕೊಂಡು...

...

ಇಬ್ಬರೂ ಅಂದೆನಲ್ಲ. ಅವಳು ಕೂಗಿ ಸುಸ್ತಾದ ಮೇಲೆ, ನಾನೊಬ್ಬನೇ ಸುಮ್ಮನೆ ಪರೀಕ್ಷೆಗೆ. ತಪಾಸಣೆ ಮಾಡೋನು ಎಲ್ಲಾ ಸಾಧ್ಯತೆ ನೋಡ್ಬೇಕು.

ಅದಿರಲಿ. ನನ್ನ ಸಲಹೆ ಇಷ್ಟೇ. ಆ ಬಾಗಿಲನ್ನ ಬದಲಾಯಿಸು. ಒಂದು ಧ್ವನಿಗೂ ತೆರೆಯೋ ಹಾಗೆ ಮಾಡು. ಜನರಿಗೋಸ್ಕರ ಹೇಳ್ತಿದೀನಿ, ನನಗೋಸ್ಕರ ಅಲ್ಲ. ಎಲ್ಲರ ಮನೆಯಲ್ಲೂ ಇಬ್ಬರು ಇರ್ತಾರಾ? ಒಂಟಿ ಜನ ಇಲ್ವಾ ಲೋಕದಲ್ಲಿ? ಅಷ್ಟು ದೂರ ಕಷ್ಟಪಟ್ಟು, ಕೈ ಕಾಲು ಎಲ್ಲಾ ಹಾಕಿ ಬಂದವನು ಬಾಗಿಲ ಮುಂದೆ ನಿಂತು ಕೂಗ್ತಾನೇ ಇರಬೇಕಾ? ಒಂದು ಸಣ್ಣ ಗುಂಡಿ ಇಡು, "ನನ್ನ ಜೊತೆ ಯಾರೂ ಇಲ್ಲ" ಅಂತ. ಒತ್ತಿದ್ರೆ ತೆರೀಲಿ. ನಿನಗೇನು ನಷ್ಟ? ಬದಲಾಯಿಸ್ತೀಯಾ? ಬದಲಾಯಿಸಿದ್ರೆ ಇವತ್ತೇ ಪಾಸು ಅಂತ ಹೇಳಿಬಿಡ್ತೀನಿ, ಇಬ್ಬರ ಪರವಾಗಿ.

ಹೇಳು.

ಇಲ್ಲ ಅನ್ನೋದಿದ್ರೆ ಇಲ್ಲ ಅನ್ನು, ನಾನೇನು ನುಂಗ್ತೀನಾ? ಬಾಗಿಲು ಕೆಟ್ಟಿಲ್ಲ ಅಂತ ವಾದ ಮಾಡು. ಜಗಳ ಆಡು! ಹೀಗೆ ಕೂತ್ಕೊಂಡು ಚಹಾ ಲೋಟ ತಿರುಗಿಸ್ಬೇಡ. ಅವಳೂ ಹೀಗೇ... ಸಿಟ್ಟು ಬಂದ್ರೆ ಬಯ್ಯಲ್ಲ, ಸುಮ್ಮನಾಗ್ತಾಳೆ.

ಮಾತಾಡಮ್ಮ.

...

ಗೊತ್ತಾಯ್ತು ನಿನಗೆ. ಅಲ್ವಾ?

ಬಾಗಿಲು ಹೇಳಿಬಿಡ್ತು. ನೀನು ಅದನ್ನ ಎರಡು ಗಂಟಲಿಗೆ ಅಂತ ಕಟ್ಟಿದೀಯಾ. ಒಂದೇ ಗಂಟಲು ಎಷ್ಟು ವೇಷ ಹಾಕಿದ್ರೂ ಅದಕ್ಕೆ ತಿಳಿಯತ್ತೆ. ಒಳ್ಳೆ ಕೆಲಸ. ನಾನೂ ಹಾಗೇ ಕಟ್ಟಿಸ್ತಿದ್ದೆ.

ತಂಗಿಗೆ ಯಾವ ಆಪರೇಷನ್ನೂ ಆಗಿಲ್ಲ. ಆ ತೊಟ್ಟಿಯ ಕೋಣೆ ಇದೆಯಲ್ಲ, ಅಲ್ಲಿವರೆಗೂ ಇದ್ದಳು. "ಎಡಕ್ಕೆ" ಅಂದೆ. ಅವಳು ಎಡಕ್ಕೇ ಹೋಗ್ತಿದ್ದಳು, ನಕ್ಷೆಯಲ್ಲಿ ನನಗೆ ಕಾಣ್ತಿತ್ತು. ಆದ್ರೂ ಅಂದೆ. "ಎಡಕ್ಕೆ, ಎಡಕ್ಕೆ ಅಂದ್ನಲ್ಲೇ, ಒಂದು ಮಾತು ಕೇಳಿದ್ರೆ ಗಂಟು ಹೋಗತ್ತಾ?" ಮೈಕಿನಲ್ಲಿ ಅವಳ ಉಸಿರು ಕೇಳ್ತಿತ್ತು. ಆಮೇಲೆ ಅದೂ ಇಲ್ಲ. ಯಂತ್ರ ಕೆಟ್ಟಿತು ಅಂದ್ಕೊಂಡು ಇನ್ನೂ ಜೋರಾಗಿ ದಾರಿ ಹೇಳಿದೆ. ಪರದೆ ಮೇಲೆ ಅವಳ ಗೊಂಬೆ ನೀರಿನಲ್ಲಿ ಹಾಗೇ ನಿಂತಿತ್ತು. ಎಷ್ಟು ಹೊತ್ತಾದ ಮೇಲೋ ತಿರುಗಿ ನೋಡ್ತೀನಿ... ಅವಳಿಲ್ಲ. ಒಂದು ಮೊಳ ದೂರದಲ್ಲಿ ಕೂತಿದ್ದೋಳಮ್ಮ, ಒಂದು ಮೊಳ! ಹೆಡ್‌ಫೋನು ಕುರ್ಚಿ ಮೇಲೆ. ನಾನು ಖಾಲಿ ಕುರ್ಚಿಗೆ ದಾರಿ ಹೇಳ್ತಿದ್ದೆ.

ಮೆಷಿನ್ ಒಯ್ಯೋಕೆ ತಂಗಿ ಗಂಡ ಬಂದಿದ್ದ. ಬಾಗಿಲಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಆಗಲೂ ನಾನು ಏನು ಹೇಳಿದೆ ಗೊತ್ತಾ? "ಸ್ವಲ್ಪ ಎಡಕ್ಕೆ ತಿರುಗಿಸಿ" ಅಂದೆ. ಅವಳು ನನ್ನ ಮುಖ ನೋಡಿದಳು. ಅಷ್ಟೇ. ಬಯ್ದಿದ್ರೆ ಎಷ್ಟೋ ಚೆನ್ನಾಗಿತ್ತು.

ಬೇಡ, ಬದಲಾಯಿಸಬೇಡ. ನಾನು ಕೇಳಿದ ಆ ಗುಂಡಿ ಇಡಬೇಡ. ಬಾಗಿಲು ಹಾಗೇ ಇರಲಿ. ಅಕ್ಷರ ದೊಡ್ಡದು ಮಾಡು, ಓಡಾಟ ಕಡಿಮೆ ಮಾಡು, ರೋಬೋ... ರೋಬೋವನ್ನೂ ಇಟ್ಟುಕೋ. ಯಾವ ಮನೆಯಲ್ಲಾದ್ರೂ ಯಾರಾದ್ರೂ ಅದನ್ನ ನೋಡಿ ತಮ್ಮ ಗುರುತು ಹಿಡಿದಾರು. ನಾನು ಹಿಡಿಯಲಿಲ್ಲ. ಆಟ ಪಾಸು. ಇದು ನನ್ನೊಬ್ಬನ ಮಾತು. ಅವಳ ಮಾತು ಬೇಕಿದ್ರೆ ಅವಳನ್ನೇ ಕೇಳು. ನನಗಿಂತ ಚೆನ್ನಾಗಿ ಹೇಳ್ತಾಳೆ. ಗಿಡಗಳ ಕೋಣೆ ಬಿಡಿಸಿದೋಳು ಅವಳು.

ಏನು ಮಾಡ್ತಿದೀಯಾ? ಯಾಕೆ ಅವಳ ಕುರ್ಚಿ ಕಡೆ ಹೋದೆ? ಓ... ನನ್ನ ಜೊತೆ ಕೂಗ್ತೀಯಾ? ಒಂದು ಸಲ ತೆರೆದು ತೋರಿಸೋಕಾ?

ಒಳ್ಳೆ ಹುಡುಗಿ ನೀನು. ಆದ್ರೆ ಬೇಡ. ಆ ಹೆಡ್‌ಫೋನು ಅಲ್ಲೇ ಇಡು. ಇಡಮ್ಮ, ದಯವಿಟ್ಟು. ನಿನ್ನ ತಲೆಗೆ ಹಾಕಬೇಕಾದ್ರೆ ಅದರ ಪಟ್ಟಿ ಹಿಗ್ಗಿಸಬೇಕಾಗತ್ತೆ. ಅದು ಅವಳ ಅಳತೆಗೆ ಇದೆ.