ಹುಣಸಿ ಹಚ್ಚಿ ತಿಕ್ಕಿದ ತೂಕದ ಕಲ್ಲು

ಹಂಗಲ್ಲ ತಂಗೀ, ಕೈಲೆ ಮುಟ್ಟೂ ಹಂಗ ಇರಲಿಲ್ಲ ಆ ತೂಕದ ಕಲ್ಲನ್ನ. ಜೀಡಿಮೆಟ್ಲಾದಾಗ ನಂದು ಮೊದಲನೇ ನೌಕರಿ, ತಕ್ಕಡಿ ಸರಿಮಾಡೂ ಕಾರ್ಖಾನಿ. ಬಂಗಾರದ ಅಂಗಡಿ, ಔಷಧದ ಫ್ಯಾಕ್ಟರಿ ಎಲ್ಲಾ ಕಡೆ ಹೋಗಿ ತಕ್ಕಡಿ ಖರೇ ತೂಗತಾವೋ ಇಲ್ಲೋ ನೋಡೂದು. ಅದಕ್ಕಂತ ಒಂದು ಪೆಟ್ಟಿಗಿ ಹಿತ್ತಾಳಿ ತೂಕದ ಕಲ್ಲು. ಅವು ಖರೇ ಅಂದ್ರ ಎಲ್ಲಾ ಖರೇ, ತಿಳೀತಿಲ್ಲೋ? ಬೆರಳಿನ ಬೆವರು ಹತ್ತಿದ್ರೂ ತೂಕ ಹೆಚ್ಚಾಗ್ತೈತಂತ ಚಿಮಟಾದ್ಲೆ ಎತ್ತತಿದ್ವಿ. ನಮಗ ಕೆಲಸ ಕಲಿಸೂ ಉಸ್ತಾದ್ರು ಮೊದಲ ದಿನಾನ ಹೇಳಿದ್ರು, "ದೇಖೋ ಮಿಯಾ, ಇದಕ್ಕೇನರ ಆತಂದ್ರ ನಿನ್ನ ನೌಕರಿ ಖತಂ!"

ಆಗ ಮದುವಿ ಹೊಸತು, ನಿಮ್ಮಜ್ಜಿನ ರಾಯಚೂರಿಂದ... ಅಲ್ಲಲ್ಲ, ಲಿಂಗಸುಗೂರಿನಾಕಿ, ರಾಯಚೂರಾಗ ಮದುವಿ ಆಗಿದ್ದು. ಇರಲಿ. ಮರುದಿನ ಮುಂಜಾನೆ ನೆಟ್ಟಗ ಕೂಕಟ್‌ಪಲ್ಲಿ ಬಂಗಾರದ ಅಂಗಡಿಗೆ ಹೋಗೂದಿತ್ತಂತ ಪೆಟ್ಟಿಗಿ ಮನಿಗೆ ತಂದಿದ್ದೆ. ಅವತ್ತ ಖಂಡೇ ಪೂಜಿ, ಆಯುಧಕ್ಕ ಪೂಜಿ ಮಾಡೂ ದಿನ. ನಾ ಹೂ ತರೂದ್ರಾಗ ಈಕಿ ಏನ್ ಮಾಡ್ಯಾಳ! ಗಂಡನ ಆಯುಧ ಕಪ್ಪಾಗ್ಯಾವಂತ ಹುಣಸಿಹಣ್ಣು ಹಚ್ಚಿ, ಬೂದಿ ಹಾಕಿ, ಗಸಗಸ ತಿಕ್ಕಿ, ಕುಂಕುಮ ಇಟ್ಟು, ದೇವರ ಮುಂದ ಸಾಲಾಗಿ ಕುಂದ್ರಿಸ್ಯಾಳ. ಫಳಫಳ ಹೊಳ್ಯಾಕತ್ತಾವ! ತಿಕ್ಕಿದ್ರ ಹಿತ್ತಾಳಿ ಸವೀತೈತಿ, ತೂಕ ಹೋತು. ಬಾಯಿಗೆ ಬಂದಂಗ ಬೈದೆ. "ನನಗ್ಯಾರು ಹೇಳಿದ್ರಿ?" ಅಂತ ಅಳಾಕ ಹತ್ತಿದ್ಲು ಪಾಪ.

ಒರೆಸಿಕೊಂಡು ಅಂಗಡಿಗೆ ಹೋಗಿದ್ರ ಯಾರಿಗೂ ತಿಳೀತಿರಲಿಲ್ಲ ಬಿಡು. ಆದ್ರ ಹಗುರಾದ ಕಲ್ಲಿಟ್ಟು ಸರಿಮಾಡಿದ ತಕ್ಕಡಿ ಎಲ್ಲಾರಿಗೂ ಸುಳ್ಳ ತೂಗ್ತಿತ್ತು. ಮುಂಜಾನೆ ಉಸ್ತಾದ್ರ ಮುಂದ ಪೆಟ್ಟಿಗಿ ಇಟ್ಟೆ. "ಯಾರು ತಿಕ್ಕಿದ್ದು?" "ನಾನರಿ ಉಸ್ತಾದ್." ಅವರು ಕಲ್ಲಿನ ಸಂದ್ಯಾಗಿನ ಕುಂಕುಮ ನೋಡಿ, ನನ್ನ ಮಾರಿ ನೋಡಿ, "ಅರೇ, ನಿನ್ನ ದುಲ್ಹನ್, ಹೊಸ ಹೆಂಡ್ತಿ ತಿಕ್ಕ್ಯಾಳ, ಹೌದಲ್ಲೋ? ಆಕೀನ ಬೈದ್ಯೇನು?" "ಹೂಂರಿ." "ಪೆಟ್ಟಿಗ್ಯಾಗ ಏನೈತಂತ ಎಂದಾರ ತೆಗೆದು ತೋರಿಸಿದ್ಯೇನು?" "ಇಲ್ಲರಿ," ಅಂದೆ. "ನಿನಗ ನಾ ಹೇಳಿದ್ದೆ. ಆಕಿಗೆ ಯಾರು ಹೇಳಬೇಕಿತ್ತು? ಕಲ್ಲು ತಪಾಸಣಿಗೆ ಕಳಸ್ತೀನಿ. ನೀ ಹೋಗಿ ಆಕೀನ ಕರಕೊಂಡು ಬಾ!"

ಹೆದರಕೋತ ಬಂದ್ಲು. ಉಸ್ತಾದ್ರು "ಬಾ ಬೇಟಿ" ಅಂತ ಗಾಜಿನ ಪೆಟ್ಟಿಗ್ಯಾಗಿನ ತಕ್ಕಡಿ ಮುಂದ ಕುಂದ್ರಿಸಿ, ಆಕಿ ತಲಿದು ಒಂದು ಕೂದಲಾ ಇಸ್ಕೊಂಡು ತಟ್ಟ್ಯಾಗ ಇಟ್ರು. ಮುಳ್ಳು ಸರೀತು. "ಅಯ್ಯ, ಇಷ್ಟು ನಾಜೂಕೇನ್ರಿ ನಿಮ್ಮ ಕೆಲಸ!" ಅಂತ ನನ್ನ ಕಡೆ ನೋಡಿದ್ಲು ನೋಡವ್ವಾ, ಅಷ್ಟು ಪ್ರೀತಿಲೆ ಅಲ್ಲೀತನಕ ಯಾರೂ ನೋಡಿರಲಿಲ್ಲ ನನ್ನ. ನೌಕರೀನೂ ಉಳೀತು.

ಅದಕ್ಕ ನಿಮಗೆಲ್ಲಾ ಹೇಳ್ತೀನಿ, ಮನ್ಯಾಗಿನವರ ಮ್ಯಾಲೆ ಸಿಟ್ಟಾಗೂಕಿಂತ ಮೊದ್ಲ ನಿಮ್ಮ ಕೆಲಸ ಏನಂತ ಕುಂದ್ರಿಸಿ ತೋರಿಸ್ರಿ. ಏಳ್ರಿ ಇನ್ನ, ಉಣ್ಣೋಣು.