ಸಾಸಿವೆ ಕಾಳಷ್ಟು ಅಫೀಮು

ಶಿಡ್ಲಘಟ್ಟದಲ್ಲಿ ಬಸ್ಸಿಗೆ ಕಾಯುತ್ತಾ ಹುಣಸೆಮರದ ನೆರಳಲ್ಲಿ ಕೂತಿದ್ದ ಅಕ್ಕಯ್ಯಮ್ಮನ ಪಕ್ಕದಲ್ಲೇ ಯಾರೋ ಅತ್ತೆ ಸೊಸೆ ಜಗಳಕ್ಕೆ ಬಿದ್ದಿದ್ದರು. ಇಬ್ಬರೂ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ಸೊಸೆಯ ತೋಳಲ್ಲಿ ನಾಲ್ಕು ತಿಂಗಳ ಕೂಸು ಕಿರುಚಿ ಅಳುತ್ತಿತ್ತು.

“ಸಾಸಿವೆ ಕಾಳಷ್ಟು ಅಫೀಮಿಗೆ ಇಷ್ಟು ರಂಪಾನಾ? ನನ್ನ ಮಕ್ಕಳಿಗೂ ಹಾಕಿದ್ದೆ ಕಣೇ,” ಎಂದಳು ಅತ್ತೆ.

“ಎರಡು ದಿನ ಕಣ್ಣು ಬಿಡಲಿಲ್ವಲ್ಲ ಅತ್ತೆ! ಎದೆ ಕೊಟ್ಟರೆ ಚೀಪಲೂ ಇಲ್ಲ.”

“ಗಳಿಗೆಗೊಂದು ಸಲ ಎದ್ದು ಅಳ್ತಿದ್ರೆ ನೀನು ರಾಟೆ ಮುಂದೆ ಕೂತು ರೇಷ್ಮೆ ಬಿಚ್ಚೋದು ಯಾವಾಗ? ಬೇಯಿಸಿದ ಗೂಡೆಲ್ಲ ಹಾಳಾಗ್ತಿತ್ತು.”

“ಈ ವಯಸ್ಸಲ್ಲಿ ಕೂಸು ಹಸಿದಾಗೆಲ್ಲ ಏಳಲೇಬೇಕು ಅಂದ್ರಲ್ಲ ಡಾಕ್ಟರು, ಕೇಳಿಸಲಿಲ್ವಾ?”

“ಆ ಡಾಕ್ಟರು ಎಷ್ಟು ಹೆತ್ತಿದಾನಂತೆ?”

ಅಕ್ಕಯ್ಯಮ್ಮನಿಗೆ ಮೈಯೆಲ್ಲ ಉರಿಯಿತು.

“ಇನ್ನೊಂದು ಸಲ ಹಾಕಿದ್ರೆ ಉಸಿರೇ ನಿಂತು ಹೋಗ್ತಿತ್ತು ಅಂದ್ರು. ಅದನ್ನಾದ್ರೂ ಕೇಳಿಸ್ಕೊಂಡ್ರಾ?”

ಅತ್ತೆ ಮುಖ ತಿರುಗಿಸಿದಳು. ಅಷ್ಟರಲ್ಲಿ ಚಿಂತಾಮಣಿ ಬಸ್ಸು ಬಂದು ನಿಂತಿತು.

“ಬಾರೇ ಗಂಗುಲು, ನಮ್ಮ ಬಸ್ಸು ಬಂತು. ಕೂಸನ್ನ ಇಲ್ಲಿ ಕೊಡು.”

“ಮುಟ್ಟಬೇಡಿ! ನಾನು ಮೇಲೂರಿಗೆ ಹೋಗ್ತೀನಿ, ನಮ್ಮಮ್ಮನ ಮನೆಗೆ.”

“ಅಯ್ಯೋ, ಮನೇಲಿ ನನ್ನ ಮಗ ಕೇಳಿದ್ರೆ ಏನಂತ ಹೇಳಲಿ?”

“ಕೂಸು ಎದ್ದಿದೆ ಅಂತ ಹೇಳಿ.”

ಅಳುವ ಮಗುವನ್ನು ಎದೆಗವಚಿಕೊಂಡು ಗಂಗುಲಮ್ಮ ಮೇಲೂರು ಬಸ್ಸಿನ ಕಡೆ ಬಿರಬಿರನೆ ನಡೆದುಬಿಟ್ಟಳು. ಕಂಡಕ್ಟರು ಎರಡು ಸಲ ಕೂಗಿದ ಮೇಲೆ ಅತ್ತೆ ಒಬ್ಬಳೇ ಚಿಂತಾಮಣಿ ಬಸ್ಸು ಹತ್ತಿದಳು.